ತಟ್ಟೆಗೆ ಅಡ್ಡ ಬಂದದ್ದು

ಒದ್ದೆ ಬಟ್ಟೆಯನ್ನು ಎಲ್ಲಿ ಒಣಹಾಕಬೇಕು ಎಂಬುದು ಮನುಷ್ಯಕುಲದ ಮುಂದಿರುವ ಅತಿ ಗಹನವಾದ ಪ್ರಶ್ನೆಗಳಲ್ಲಿ ಒಂದು. ರಾಜ್ಯವನ್ನು ಯಾರು ಆಳಬೇಕು, ಗಡಿಯನ್ನು ಎಲ್ಲಿ ಎಳೆಯಬೇಕು ಎಂಬವೆಲ್ಲ ಇದರ ನಂತರ ಬರುವ ವಿಷಯಗಳು. ಅವುಗಳ ಬಗ್ಗೆ ಗ್ರಂಥಗಳು ರಾಶಿ ಬಿದ್ದಿವೆ. ಬಟ್ಟೆ ಹಗ್ಗದ ಬಗ್ಗೆ ಒಂದು ಪುಟವೂ ಇಲ್ಲ. ಇದ್ದಿದ್ದರೆ ನಮ್ಮ ಬೀದಿಯ ಹಲ್ಲಕ್ಕ ಅದನ್ನು ಓದಿಕೊಂಡು ಎಚ್ಚರವಾಗಿರುತ್ತಿದ್ದಳೇನೋ.

ಹಲ್ಲಕ್ಕ ಎಂದರೆ ಉಬ್ಬುಹಲ್ಲಿನವಳು ಎಂದು ತಿಳಿಯಬಾರದು. ಅವಳ ಹಲ್ಲುಗಳು ನೆಟ್ಟಗೇ ಇದ್ದವು. ದಂತವೈದ್ಯರು ಕಿತ್ತ ಜಾಗಕ್ಕೆ ಬೇಕಾದ ಹಲ್ಲು, ಸವೆದ ಹಲ್ಲಿಗೆ ತೊಡಿಸುವ ಕ್ಯಾಪು, ಮುದುಕರ ಪೂರ್ತಿ ಸೆಟ್ಟು, ಇವನ್ನೆಲ್ಲ ಮಾಡಿಕೊಡುವ ಲ್ಯಾಬು ಅವಳದು. ಕಿರಿದಾದ ಬೀದಿಯಲ್ಲಿ ಮೂರು ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಲ್ಯಾಬು, ಮೇಲೆ ಮನೆ, ಅದರ ಮೇಲೆ ಬಾಡಿಗೆದಾರರು, ಎಲ್ಲಕ್ಕೂ ಮೇಲೆ ತಾರಸಿ. ಒಳಗೆ ಹೋದರೆ ಮೇಜಿನ ಮೇಲೆ ಸಾಲಾಗಿ ದವಡೆಗಳು ನಗುತ್ತಾ ಕೂತಿರುತ್ತಿದ್ದವು. ನಾಲ್ಕು ಜನ ಹೆಂಗಸರು ಕನ್ನಡಕ ಮೂಗಿಗಿಳಿಸಿಕೊಂಡು, ಕೂದಲೆಳೆಯಂಥ ಕುಂಚದಲ್ಲಿ ಹಲ್ಲುಗಳಿಗೆ ಹಳದಿ ಬಳಿಯುತ್ತಿದ್ದರು. ಪೂರ್ತಿ ಬಿಳಿ ಹಲ್ಲು ಯಾರ ಬಾಯಲ್ಲೂ ನಂಬಿಕೆ ಹುಟ್ಟಿಸುವುದಿಲ್ಲ ಎಂಬುದು ಹಲ್ಲಕ್ಕನ ಸಿದ್ಧಾಂತ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವಳ ತಮ್ಮ. ಫೋನು ತೆಗೆಯುವುದು, ಹಲ್ಲುಗಳನ್ನು ಡಬ್ಬಿಗೆ ಹಾಕುವುದು, ಕ್ಲಿನಿಕ್ಕುಗಳಿಗೆ ಮುಟ್ಟಿಸುವುದು ಅವನ ಪಾಲಿನ ಕೆಲಸ. ಅಪ್ಪ ಅಮ್ಮ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವಳು, ಓದಿಸಿದವಳು, ಮದುವೆ ಮಾಡಿದವಳು ಎಲ್ಲ ಅಕ್ಕನೇ. ಕೂದಲು ನರೆತರೂ ಬೀದಿಗೆ ಅವನು ‘ಹಲ್ಲಕ್ಕನ ತಮ್ಮ’ನೇ. ಅವನ ನಿಜವಾದ ಹೆಸರು ಕೇಳಿದರೆ ನಾವು ಒಂದು ಕ್ಷಣ ಯೋಚಿಸಬೇಕಾಗಿತ್ತು.

ಊರಿನ ಸಣ್ಣಪುಟ್ಟ ದಂತ ಕ್ಲಿನಿಕ್ಕುಗಳನ್ನು ದೊಡ್ಡ ಕಂಪನಿಯೊಂದು ಒಂದೊಂದಾಗಿ ನುಂಗುತ್ತಾ ಬರುತ್ತಿತ್ತು. ಅದರ ಕೆಲಸ ಸಿಕ್ಕರೆ ಹಲ್ಲಕ್ಕನ ಲ್ಯಾಬು ಉಳಿಯುತ್ತದೆ. ಸಿಗದಿದ್ದರೆ ಕೆಲಸ ಕೊಡುವವರೇ ಇರುವುದಿಲ್ಲ. ಊರಲ್ಲಿ ಹೊಸದಾಗಿ ತೆರೆದ ಇನ್ನೊಂದು ಲ್ಯಾಬೂ ಅದೇ ಕೆಲಸದ ಮೇಲೆ ಕಣ್ಣಿಟ್ಟಿತ್ತು. ಕಂಪನಿಯವರು ಒಂದು ತಿಂಗಳು ನೋಡುತ್ತೇವೆ ಎಂದರು. ಅವರ ಪದ್ಧತಿಯೇ ಬೇರೆ. ರೋಗಿಯ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸುತ್ತಾರೆ. ಆ ಚಿತ್ರ ಆಗಿಂದಾಗ ಲ್ಯಾಬಿನ ಪರದೆಗೆ ಬರಬೇಕು. ರೋಗಿ ಕುರ್ಚಿಯಲ್ಲಿ ಇರುವಾಗಲೇ ಲ್ಯಾಬಿನವರು ನೋಡಿ, ಸರಿಯಾಗಿದೆ ಎಂದೋ, ಆ ಮೂಲೆ ಇನ್ನೊಮ್ಮೆ ತೆಗೀರಿ ಎಂದೋ ಹೇಳಬೇಕು. ಇಂಟರ್ನೆಟ್ಟು ನಡುವೆ ನಿಂತರೆ ಅತ್ತ ಒಬ್ಬ ಮನುಷ್ಯ ಬಾಯಿ ತೆರೆದುಕೊಂಡೇ ಕೂತಿರಬೇಕು.

ನಮ್ಮ ಬೀದಿಗೆ ಒಳ್ಳೆಯ ಕೇಬಲ್ಲು ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಕೆಳಗೆ ಹಳೆಯ ಕಾಲದ ನೀರಿನ ಕೊಳವೆಗಳಿದ್ದವು. ಗುದ್ದಲಿ ಹಾಕಿದರೆ ಬೀದಿಯೇ ಕೊಚ್ಚಿ ಹೋಗುತ್ತದೆಂದು ಅಗೆಯಲು ಯಾರಿಗೂ ಅನುಮತಿ ಕೊಡುತ್ತಿರಲಿಲ್ಲ. ಆಗ ಗಾಳಿಯಲ್ಲಿ ಬರುವ ಇಂಟರ್ನೆಟ್ಟಿನ ಏಣಿಯಣ್ಣ ಬಂದ. ಹೆಗಲ ಮೇಲೆ ಸದಾ ಏಣಿ ಇರುತ್ತಿದ್ದ ನಡುವಯಸ್ಸಿನ ಮೆಕ್ಯಾನಿಕ್ಕು ಅವನು. ಊಟದ ತಟ್ಟೆಯಷ್ಟು ಅಗಲದ ಒಂದು ಆಂಟೆನಾವನ್ನು ತಾರಸಿಯ ಮೋಟುಗೋಡೆಗೆ ಬಿಗಿದ. ಮಂಡಿನೋವಿನ ಹಲ್ಲಕ್ಕ ಅಂದೊಂದು ದಿನ ಹೇಗೋ ಮೆಟ್ಟಿಲು ಹತ್ತಿ ಹೋಗಿ ನೋಡಿದಳು.

“ಆ ಎತ್ತರದ ಹೋಟೆಲ್ ತಲೆ ಮೇಲೆ ನಮ್ಮ ಟವರ್ ಇದೆ ನೋಡಿ ಅಕ್ಕ. ಅದು ಈ ತಟ್ಟೆನ ನೋಡ್ಬೇಕು, ಈ ತಟ್ಟೆ ಅದನ್ನ ನೋಡ್ಬೇಕು. ಮಧ್ಯೆ ಯಾರೂ ಬರಬಾರದು.”

“ಹೊಸದಾಗಿ ಮದುವೆ ಆದೋರ ಹಾಗೆ ಅನ್ನು.”

“ಅವರು ಆರು ತಿಂಗಳಿಗೆ ಸಾಕು ಮಾಡ್ತಾರೆ. ಇದು ವರ್ಷಗಟ್ಟಲೆ ನೋಡ್ತಾನೇ ಇರುತ್ತೆ.”

“ಬಟ್ಟೆ ಗಿಟ್ಟೆ ಅಡ್ಡ ಬಂದ್ರೆ?” ಎಂದು ತಮ್ಮ ಕೇಳಿದ. ಪಕ್ಕದ ತಾರಸಿಯಲ್ಲಿ ಲಾಂಡ್ರಿಯ ಬಟ್ಟೆಗಳು ಹಾರಾಡುತ್ತಿದ್ದವು.

“ಒಣಗಿದ್ದಾದ್ರೆ ಅಷ್ಟೇನಿಲ್ಲ. ಒದ್ದೆ ಇರಬಾರದು ನೋಡಿ. ನೀರು ಕುಡಿದ ಬೆಡ್‌ಶೀಟು ಅಂದ್ರೆ ಇದಕ್ಕೆ ಗೋಡೆ ಇದ್ದ ಹಾಗೆ.”

ತಮ್ಮ ಪಾಠ ಕೇಳುವವನ ಹಾಗೆ ತಲೆಯಾಡಿಸಿದ. ಅವನು ಇಷ್ಟು ಗಮನ ಕೊಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು ಎಂದು ಹಲ್ಲಕ್ಕನಿಗೆ ಸಂತೋಷವಾಯಿತು.

ಲಾಂಡ್ರಿ ಗಂಜಿಯಣ್ಣನದು. ಅವನು ಗಂಜಿ ಹಾಕಿದ ಅಂಗಿಯನ್ನು ತೊಟ್ಟರೆ ಮನುಷ್ಯ ಕುಳಿತರೂ ಅಂಗಿ ನಿಂತೇ ಇರುತ್ತದೆ ಎಂದು ಬೀದಿಯ ಮಾತು. ಲ್ಯಾಬಿನ ಬಿಳಿ ಕೋಟುಗಳನ್ನು ಒಗೆಯುವವನೂ ಅವನೇ. ಹಲ್ಲಕ್ಕ ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ತಂಗಿ ಎನ್ನುತ್ತಿದ್ದ. ಒಡಹುಟ್ಟಿದವರಿಗಿಂತ ಕಡಿಮೆ ಜಗಳವಾಡಿ ಬಹಳ ವರ್ಷ ಕಳೆದಿದ್ದರು.

“ಅಣ್ಣಾ, ನಿನ್ನ ಹಗ್ಗ ಸ್ವಲ್ಪ ಕೆಳಗೆ ಇಳಿಸ್ತೀಯಾ? ನನ್ನ ತಟ್ಟೆಗೆ ಅಡ್ಡ ಆಗುತ್ತೆ.”

“ತಟ್ಟೆಗೂ ಕಣ್ಣಿದೆಯೇನಮ್ಮಾ ಈಗ? ಇಳಿಸ್ತೀನಿ ಬಿಡು ತಂಗಿ. ಶೀಟು ಸ್ವಲ್ಪ ನೆಲ ಗುಡಿಸುತ್ತೆ, ಅಷ್ಟೇ ತಾನೆ.”

ಅಂದೇ ಇಳಿಸಿದ. ಉದ್ದದ ಶೀಟುಗಳನ್ನು ಅಂದಿನಿಂದ ಮಡಿಸಿ ಎರಡು ಹಗ್ಗಕ್ಕೆ ಹರವುತ್ತಿದ್ದ.

ಮೊದಲ ವಾರ ಇಂಟರ್ನೆಟ್ಟು ಓಡಿದ ರಭಸಕ್ಕೆ ಹಲ್ಲಕ್ಕ ಹತ್ತು ವರ್ಷ ಚಿಕ್ಕವಳಾದಳು. ಅಲ್ಲೆಲ್ಲೋ ಕುರ್ಚಿಯಲ್ಲಿ ಬಾಯಿ ತೆರೆದರೆ ಇಲ್ಲಿ ಪರದೆಯ ಮೇಲೆ ದವಡೆ ಅರಳುತ್ತಿತ್ತು. ಕಂಪನಿಯ ಕಡೆಯಿಂದ ಮಾತಾಡುತ್ತಿದ್ದ ಮೇಡಂ, “ಸೂಪರ್ ಮೇಡಂ” ಎಂದಳು.

ಎರಡನೆಯ ವಾರದಲ್ಲಿ ಒಂದು ಬೆಳಗ್ಗೆ, ಒಬ್ಬ ದೊಡ್ಡ ಮನುಷ್ಯರ ಮೇಲ್ದವಡೆ ಅರ್ಧ ಬಂದು ನಿಂತಿತು.

“ಅಯ್ಯೋ, ಹೋಯ್ತು!” ಎಂದಳು ಹಲ್ಲಕ್ಕ.

ಟ್ಯಾಂಕಿನ ನೀರು ನೋಡಲು ಹೋಗಿದ್ದ ತಮ್ಮ ಅಷ್ಟರಲ್ಲಿ ಇಳಿದು ಬಂದವನು, ಮತ್ತೆ ಮೆಟ್ಟಿಲು ಹತ್ತಿ ಓಡಿದ. ಸ್ವಲ್ಪ ಹೊತ್ತಿಗೆ ದವಡೆಯ ಇನ್ನರ್ಧ ಬಂತು. ಹಿಂದೆಯೇ ತಮ್ಮನೂ ಏದುಸಿರು ಬಿಡುತ್ತಾ ಬಂದ.

“ಗಂಜಿಯಣ್ಣ ಹಗ್ಗ ಮೇಲಕ್ಕೆ ಕಟ್ಟಿದ್ದಾನೆ ಅಕ್ಕ. ನಾನೇ ಶೀಟು ಪಕ್ಕಕ್ಕೆ ಸರಿಸಿ ಬಂದೆ.”

“ಮರೆತಿರ್ತಾನೆ ಬಿಡು, ವಯಸ್ಸಾಯ್ತು.”

ಆದರೆ ಮರೆವು ಪದೇ ಪದೇ ಮರುಕಳಿಸತೊಡಗಿತು, ಅದೂ ಕ್ಲಿನಿಕ್ಕುಗಳಲ್ಲಿ ಜನ ತುಂಬಿರುವ ಹೊತ್ತಿಗೇ. ಪ್ರತಿ ಸಲವೂ ತಮ್ಮ ಓಡುತ್ತಿದ್ದ, ಪ್ರತಿ ಸಲವೂ ಲೈನು ಬರುತ್ತಿತ್ತು. ಏಣಿಯಣ್ಣನನ್ನು ಕರೆಸಿದರೆ ಅವನು ಬರುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ತಟ್ಟೆಯನ್ನು ಬೆರಳಿನಿಂದ ತಟ್ಟಿ, “ಕಣ್ಣು ಚೆನ್ನಾಗೇ ಇದೆ ಅಕ್ಕ” ಎಂದು ಹೇಳಿ ಇಳಿದು ಹೋಗುತ್ತಿದ್ದ.

“ಪಾಪ, ಎಷ್ಟು ಸಲ ಅಂತ ಹತ್ತಿ ಇಳೀತಾನೆ ನೋಡ್ರೇ,” ಎಂದಳು ಹಲ್ಲಕ್ಕ ಕೆಲಸದ ಹೆಂಗಸರಿಗೆ. “ನನ್ನ ಮಂಡಿಗೆ ಅವನೇ ಮಂಡಿ ಆಗಿದ್ದಾನೆ.” ತಮ್ಮನಿಗೆ ಆ ವಾರವೆಲ್ಲ ಚಹಾದ ಜೊತೆ ಬಿಸ್ಕತ್ತು ಸಿಕ್ಕಿತು.

ಕಡೆಗೊಂದು ದಿನ ಅವಳು ಬಾಗಿಲಿಗೆ ಬಂದು ನಿಂತು, ಇಡೀ ಬೀದಿಗೆ ಕೇಳುವಂತೆ ಲಾಂಡ್ರಿಯ ಕಡೆ ಕೂಗಿದಳು.

“ಏನಣ್ಣಾ, ನನ್ನ ಅನ್ನಕ್ಕೇ ಕಲ್ಲು ಹಾಕಬೇಕು ಅಂತ ಇದ್ದೀಯಾ?”

ಗಂಜಿಯಣ್ಣ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ಹೊರಗೆ ಬಂದ. “ನಾನೇನು ಮಾಡಿದೆ ತಂಗಿ?”

“ಹಗ್ಗ ಯಾಕೆ ಮತ್ತೆ ಮೇಲಕ್ಕೆ ಕಟ್ಟಿದೆ?”

“ನಾನೆಲ್ಲಮ್ಮಾ ಕಟ್ಟಿದೆ? ಇಳಿಸಿದ್ದು ಇಳಿಸಿದ ಹಾಗೇ ಇದೆ. ಬೇಕಾದ್ರೆ ಹತ್ತಿ ನೋಡು.”

“ನನ್ನ ಮಂಡಿ ವಿಷಯ ಗೊತ್ತಿದ್ದೇ ಹತ್ತಿ ನೋಡು ಅಂತೀಯ! ಹತ್ತಿ ನೋಡಿದವನು ನನ್ನ ತಮ್ಮ. ಅವನು ಸುಳ್ಳು ಹೇಳ್ತಾನಾ?”

ಗಂಜಿಯಣ್ಣ ಅವಳ ಹಿಂದೆ ನಿಂತಿದ್ದ ತಮ್ಮನ ಮುಖವನ್ನು ನೋಡಿದ. ತಮ್ಮ ಡಬ್ಬಿಗೆ ಹಲ್ಲು ತುಂಬುವುದರಲ್ಲಿ ಮುಳುಗಿದ್ದ. “ನಿನ್ನ ತಮ್ಮ ಹೇಳಿದ್ಮೇಲೆ ಮುಗೀತಲ್ಲ,” ಎಂದು ಗಂಜಿಯಣ್ಣ ಒಳಗೆ ಹೋದ. ಮರುದಿನದಿಂದ ಲ್ಯಾಬಿನ ಕೋಟುಗಳು ಬೇರೆ ಬೀದಿಯ ಲಾಂಡ್ರಿಗೆ ಹೋದವು. ಅಲ್ಲಿಂದ ಸುಕ್ಕು ಸುಕ್ಕಾಗಿ ಬಂದವು. ಹಲ್ಲಕ್ಕ ಹಲ್ಲು ಕಚ್ಚಿಕೊಂಡು ಅವನ್ನೇ ತೊಟ್ಟಳು.

ತಿಂಗಳು ಮುಗಿಯುತ್ತಾ ಬಂತು. ಆ ಬೆಳಗ್ಗೆ ಕಿಟಕಿಯ ಪಕ್ಕ ಕೂತು ಒಂದು ಕೋರೆಹಲ್ಲಿಗೆ ಬಣ್ಣ ಹಾಕುತ್ತಿದ್ದ ಹಲ್ಲಕ್ಕ ತಲೆಯೆತ್ತಿದಾಗ ಲಾಂಡ್ರಿಯ ಶಟರು ಇಳಿದಿತ್ತು, ಬೀಗ ಬಿದ್ದಿತ್ತು. ಗಂಜಿಯಣ್ಣ ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಹಿಂದಿನ ಸಂಜೆಯೇ ಆಸ್ಪತ್ರೆಗೆ ಹೋದನೆಂದು ಕೆಲಸದ ಹೆಂಗಸರು ಹೇಳಿದರು. ಮಾತು ಬಿಟ್ಟಿದ್ದರಿಂದ ಹಲ್ಲಕ್ಕನಿಗೆ ಅದು ತಿಳಿದಿರಲಿಲ್ಲ. ಅವಳಿಗೆ ಸ್ವಲ್ಪ ಕಸಿವಿಸಿಯಾಯಿತು; ಜೊತೆಗೆ, ಇವತ್ತಾದರೂ ಲೈನು ನೆಮ್ಮದಿಯಾಗಿರುತ್ತದೆ ಎಂಬ ಸಮಾಧಾನವೂ ಆಯಿತು.

ಪರದೆಯ ಮೇಲೆ ಒಬ್ಬ ಟೀಚರಮ್ಮನ ಕೆಳದವಡೆ ಅರ್ಧ ಬಂದು ನಿಂತಿತು.

ಟ್ಯಾಂಕಿನ ನೀರು ನೋಡಲು ಹೋಗಿದ್ದ ತಮ್ಮ ಇಳಿದು ಬಂದು, ಮತ್ತೆ ಓಡಿದ. ಲೈನು ಬಂತು. ತಮ್ಮ ಇಳಿದ.

“ಅದೇ ಕಥೆ ಅಕ್ಕ,” ಎಂದು ಬೆವರೊರೆಸಿಕೊಂಡ. “ಗಂಜಿಯಣ್ಣ ಈಗಷ್ಟೇ ದೊಡ್ಡ ಶೀಟು ಹರವ್ತಾ ಇದ್ದ. ನಾನು ಬೈದ ಮೇಲೆ ತೆಗೆದ.”

ಅವನು ಬೆಳಗ್ಗೆ ಹಿಂಬಾಗಿಲಿನಿಂದ ಬಂದಿದ್ದ. ಬೀದಿಯ ಕಡೆ ನೋಡಿರಲಿಲ್ಲ. ಹಲ್ಲಕ್ಕ ಬೀಗ ಬಿದ್ದ ಶಟರನ್ನು ನೋಡಿದಳು, ತಮ್ಮನನ್ನು ನೋಡಿದಳು. ಕುಂಚವನ್ನು ನೀರಿನಲ್ಲಿ ಅದ್ದಿ, ತುದಿಯನ್ನು ಒರೆಸಿ, ಅದರ ಜಾಗದಲ್ಲಿಟ್ಟಳು.

“ಬೈದೆಯಾ?”

“ಸರಿಯಾಗಿ ಬೈದೆ.”

“ಅವನೇನಂದ?”

“ತಪ್ಪಾಯ್ತು ಅಂದ.”

ಹಲ್ಲಕ್ಕ ಎದ್ದು ಮೆಟ್ಟಿಲ ಕಡೆ ನಡೆದಳು. “ಅಕ್ಕ, ನಿನ್ನ ಮಂಡಿ…” ಎಂದು ತಮ್ಮ ಹಿಂದೆ ಬಂದ. ಅವಳು ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಯಲ್ಲೂ ತಮ್ಮ “ನಾನೇ ನೋಡ್ತೀನಿ ಬಿಡು” ಎಂದ. ಮೂರನೆಯ ಮಹಡಿಯಿಂದ ಮೇಲೆ ಎರಡು ಮೆಟ್ಟಿಲು ಹಿಂದೆಯೇ ಉಳಿದ.

ಗಂಜಿಯಣ್ಣನ ತಾರಸಿ ಬೋಳಾಗಿತ್ತು. ಖಾಲಿ ಹಗ್ಗಗಳು ಸೊಂಟದೆತ್ತರದಲ್ಲಿ, ಅವನು ಇಳಿಸಿ ಕಟ್ಟಿದಲ್ಲೇ ಇದ್ದವು. ಹಲ್ಲಕ್ಕನ ತಾರಸಿಯಲ್ಲಿ ತಟ್ಟೆಯ ಮುಂದೆಯೇ ಎರಡು ಮೊಳೆ ಹೊಡೆದು ತುಂಡು ಹಗ್ಗವೊಂದನ್ನು ಬಿಗಿಯಲಾಗಿತ್ತು. ಅದರ ಕೆಳಗೆ ನೆಲ ಒದ್ದೆಯಾಗಿತ್ತು. ಟ್ಯಾಂಕಿನ ಹಿಂದೆ ಬಕೆಟ್ಟು, ಬಕೆಟ್ಟಿನಲ್ಲಿ ನೀಲಿ ಹೂವಿನ ಬೆಡ್‌ಶೀಟು. ಅದು ಅವಳ ಬೀರುವಿನದು. ಎರಡು ವಾರದ ಹಿಂದೆ ಕಾಣುತ್ತಿಲ್ಲವೆಂದು ಅವಳು ಹುಡುಕಿದಾಗ, ಜೊತೆಗೂಡಿ ಮಂಚದ ಕೆಳಗೆಲ್ಲ ಬಗ್ಗಿ ನೋಡಿದವನು ತಮ್ಮನೇ.

“ಹಿಂಡಿಯೂ ಇಲ್ಲವಲ್ಲೋ,” ಎಂದಳು.

“ಹಿಂಡಿದ್ರೆ ಬೇಗ ಒಣಗುತ್ತೆ,” ಎಂದ ತಮ್ಮ.

ಹಲ್ಲಕ್ಕ ಮೋಟುಗೋಡೆಯ ಮೇಲೆ ಕೂತಳು. ತಟ್ಟೆ ಅವಳ ಪಕ್ಕದಲ್ಲೇ, ಹೋಟೆಲಿನ ಟವರನ್ನು ನೋಡುತ್ತಾ ಇತ್ತು.

“ಯಾರು ಹೇಳಿಕೊಟ್ಟಿದ್ದು?”

“ಯಾರೂ ಹೇಳಿಕೊಡಲಿಲ್ಲ.” ಅವನ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. “ಹೊಸ ಲ್ಯಾಬಿನವರು, ನಿಮ್ಮಕ್ಕನಿಗೆ ಕಂಪನಿ ಕೆಲಸ ಸಿಗದಿದ್ರೆ ನಮಗೇ ಸಿಗುತ್ತೆ, ಆಗ ನಿಮ್ಮನ್ನ ಮ್ಯಾನೇಜರ್ ಮಾಡ್ತೀವಿ ಅಂದ್ರು. ಉಪಾಯ ನಂದೇ.”

“ಸಂಬಳ ಜಾಸ್ತಿಯಾ?”

“ಇಲ್ಲ, ಇಷ್ಟೇ. ಕ್ಯಾಬಿನ್ ಕೊಡ್ತಾರೆ.”

“ಕ್ಯಾಬಿನ್‌ನಲ್ಲಿ ಏನಿರುತ್ತೆ?”

ತಮ್ಮ ಯೋಚಿಸಿದ. “ಬಾಗಿಲು. ಅದರ ಮೇಲೆ ನನ್ನ ಹೆಸರು.”

“ಇಲ್ಲಿ ಕೇಳಿದ್ರೆ ನಾನು ಕೊಡ್ತಿರಲಿಲ್ವೇನೋ?”

“ಕೊಡ್ತಿದ್ದೆ. ನೀನೇ ಕೊಡ್ತಿದ್ದೆ. ನನಗೆ ಬೇಕಾದ್ದೆಲ್ಲ ನೀನೇ ಕೊಟ್ಟಿದ್ದೀಯಲ್ಲ ಅಕ್ಕ.”

ಹಲ್ಲಕ್ಕ ಕೈ ಚಾಚಿ ತಟ್ಟೆಯ ಮುಂದಿನ ತುಂಡು ಹಗ್ಗವನ್ನು ಬಿಚ್ಚಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಬಿಸ್ಕತ್ತು ತಿಂದೆಯಲ್ಲೋ. ದಿನಾ ನನ್ನ ಮುಂದೆ ಕೂತು. ಹೇಗೆ ಇಳೀತೋ ಗಂಟಲಲ್ಲಿ?”

ಅವಳು ಬಕೆಟ್ಟಿನಿಂದ ಶೀಟು ತೆಗೆದು, ಅವನ ಕೈಗೆ ಒಂದು ತುದಿ ಕೊಟ್ಟಳು. ಅಕ್ಕ ತಮ್ಮ ಇಬ್ಬರೂ ಸೇರಿ ಚೆನ್ನಾಗಿ ಹಿಂಡಿದರು. ಅದನ್ನು ಅವಳು ತಟ್ಟೆಯ ಹಿಂದೆ, ಯಾರಿಗೂ ಅಡ್ಡವಾಗದ ಕಡೆ ಹರವಿದಳು. “ಇನ್ನು ಹೋಗು,” ಎಂದಳು. ಅವನು ಹೋದ.

ಸಂಜೆ ಕಂಪನಿಯ ಮೇಡಂ ಫೋನು ಮಾಡಿದಳು. “ಮೇಡಂ, ನಿಮ್ಮ ಕೆಲಸ ನಮ್ಮ ಡಾಕ್ಟರ್‌ಗಳಿಗೆಲ್ಲ ಇಷ್ಟ ಆಗಿದೆ. ಲೈನ್ ಒಂದೇ ತೊಂದ್ರೆ. ಕಾರಣ ಏನು ಅಂತ ಸರಿಯಾಗಿ ಹೇಳಿ, ಇನ್ನೊಂದು ತಿಂಗಳು ಕೇಳಿ ನೋಡ್ತೀನಿ.”

“ಒದ್ದೆ ಬೆಡ್‌ಶೀಟು ಅಡ್ಡ ಬರ್ತಿತ್ತು.”

“ಏನು?”

“ಬೆಡ್‌ಶೀಟು ಮೇಡಂ. ತಟ್ಟೆಗೆ ಅಡ್ಡ. ಇವತ್ತು ತೆಗೆದೆ.”

ಆ ಕಡೆ ಸ್ವಲ್ಪ ಹೊತ್ತು ನಗು. “ಮೇಡಂ, ತಮಾಷೆ ಬೇಡ. ಇದನ್ನ ನಾನು ಮೇಲಿನೋರಿಗೆ ಹೇಗೆ ಹೇಳಲಿ? ಯಾರು ಹಾಕಿದ್ರು ಬೆಡ್‌ಶೀಟು?”

ಹಲ್ಲಕ್ಕ ಬಾಗಿಲ ಪಕ್ಕದ ಖಾಲಿ ಸ್ಟೂಲನ್ನು ನೋಡಿದಳು.

“ನಮ್ಮ ಮನೆಯವರೇ ಒಬ್ರು,” ಎಂದಳು. “ಒಣಗಲಿ ಅಂತ.”

ಗಂಜಿಯಣ್ಣ ಆಸ್ಪತ್ರೆಯಿಂದ ವಾಪಸಾದ ದಿನ ಅವಳು ಕೋಟುಗಳ ಗಂಟನ್ನು ತಾನೇ ಹೊತ್ತು ಲಾಂಡ್ರಿಯ ಕಟ್ಟೆಯ ಮೇಲಿಟ್ಟಳು.

“ಅಣ್ಣಾ, ನಂದು ತಪ್ಪಾಯ್ತು.”

ಅವನು ಗಂಟು ಬಿಚ್ಚಿ ಕೋಟುಗಳನ್ನು ಎಣಿಸಿದ. ಒಂದು ಕಾಲರಿನ ಸುಕ್ಕನ್ನು ಬೆರಳಿನಿಂದ ನೀವಿ, ಬೇಸರದಿಂದ ತುಟಿ ಕೊಂಕಿಸಿದ.

“ಗುರುವಾರ ಕೊಡ್ತೀನಿ ಮೇಡಂ,” ಎಂದ.

ಕಂಪನಿಯ ಕೆಲಸ ಹೊಸ ಲ್ಯಾಬಿಗೆ ಹೋಯಿತು. ಅಲ್ಲಿ ತಮ್ಮನಿಗೊಂದು ಕ್ಯಾಬಿನ್ನಿದೆ; ಬಾಗಿಲ ಮೇಲೆ ಅವನ ಹೆಸರಿದೆ. ಹಲ್ಲಕ್ಕನ ಲ್ಯಾಬಿನಲ್ಲಿ ಈಗ ನಾಲ್ವರ ಬದಲು ಒಬ್ಬಳೇ ಹೆಂಗಸು ಬಣ್ಣ ಹಾಕುತ್ತಾಳೆ. ಗಂಜಿಯಣ್ಣನ ಹಗ್ಗ ಇಳಿಸಿದ ಎತ್ತರದಲ್ಲೇ ಇದೆ. ಲೈನು ಆಮೇಲೆ ಒಂದು ಸಲವೂ ನಿಂತಿಲ್ಲ.