ಕೊನೇ ಸಾಲಿಗೆ ಹೋದ ವೀಳ್ಯ

ನಮ್ಮ ಅಸಮಿಯಾ ಭಾಷೆಯಲ್ಲಿ ನಾಮಪದಕ್ಕೊಂದು ಬಾಲ ಇರುತ್ತೆ. ಮರ್ಯಾದಸ್ಥ ಗಂಡಸಾದರೆ 'ಜನ್' ಹಚ್ಚಬೇಕು, ಚಪ್ಪಟೆ ವಸ್ತುವಾದರೆ 'ಖನ್', ಕೋಲಿನ ಹಾಗಿದ್ದರೆ 'ಡಾಲ್'. ಕಲ್ಲು, ಕತ್ತೆ, ಕೈಲಾಗದವನು, ಇವಕ್ಕೆಲ್ಲ 'ಟೋ' ಸಾಕು. ಡಾಕ್ಟರ್ ಗಿರೀಂದ್ರ ಬುಜರಬರುವಾನಿಗೆ ಇಡೀ ಜೋರಹಾಟ್ ಊರೇ 'ಜನ್' ಹಚ್ಚುತ್ತೆ. ನಾನು ಮನಸ್ಸಿನಲ್ಲೇ 'ಟೋ' ಹಚ್ಚೋಕೆ ಶುರು ಮಾಡಿ ಹದಿನೈದು ವರ್ಷವಾಯಿತು. ಬಾಯಲ್ಲಿ ಮಾತ್ರ 'ಸಾರ್' ಅಂತೀನಿ. ಅವನ ಪುಸ್ತಕ ಅಚ್ಚಾಗೋ ಪ್ರೆಸ್ಸಿನಲ್ಲಿ ಕರಡು ತಿದ್ದೋದೇ ನನ್ನ ಹೊಟ್ಟೆಪಾಡು.

ಈ ಮಹಾನುಭಾವ ಅಸಮಿಯಾ ನಾಮಪದಗಳ ಮೂಲಕೋಶ ಮಾಡ್ತೀನಿ ಅಂತ ಹೊರಟ. ಅದಕ್ಕೆ ಅವನ ಹತ್ತಿರ ಇದ್ದದ್ದು ಒಂದು ಕನ್ನಡಕ, ಒಂದು ಕುರ್ಚಿ. ಪದಗಳಿದ್ದದ್ದು ನಮ್ಮ ತಿಲೋತ್ತಮಾ ಬಾಯ್ದೇವ್ ಹತ್ತಿರ. ಬಾಯ್ದೇವ್ ಅಂದರೆ ಅಕ್ಕ. ಮೇಷ್ಟ್ರಮ್ಮನನ್ನೂ ನಾವು ಹಾಗೇ ಕರೆಯೋದು. ನನಗೆ ಅಕ್ಷರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಇಪ್ಪತ್ತು ವರ್ಷ ಬಸ್ಸು, ದೋಣಿ, ಯಾರದೋ ಸೈಕಲ್ಲಿನ ಕ್ಯಾರಿಯರ್ ಹತ್ತಿ ಹಳ್ಳಿ ಹಳ್ಳಿ ಅಲೆದು, ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಪದ ಬರೆದುಕೊಂಡರು. ಪದ ಯಾವುದು, ಯಾವ ಭಾಷೆಯಿಂದ ಬಂತು, ಹೇಳಿದವರು ಯಾರು, ಅಷ್ಟೂ ಇರೋದು. ಎದುರಿಗೆ ವೀಳ್ಯ ಇಟ್ಟು ಕೈಮುಗಿಯದೆ ಯಾರನ್ನೂ ಒಂದು ಪದ ಕೇಳಿದವರಲ್ಲ.

'ಬುರಂಜಿ' ಅಂದರೆ ಚರಿತ್ರೆ, 'ಕಾರೆಂಗ್' ಅಂದರೆ ಅರಮನೆ. ಇವು ಅಹೋಮ್ ರಾಜರ ಜೊತೆ ಬೆಟ್ಟ ಇಳಿದು ಬಂದ 'ತಾಯ್' ಅನ್ನೋ ಭಾಷೆಯ ಪದಗಳು. ಇಂಥ ಮುನ್ನೂರು ಪದದ ಬೇರು ಹೇಳಿದವನು ಶಿವಸಾಗರ ಸೀಮೆಯ ಅಹೋಮ್ ಪುರೋಹಿತ ತೋಷೇಶ್ವರ ಬೈಲುಂಗ್. ಆಗಲೇ ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದ. ಅವನ ಕೈ ಹಿಡಿದುಕೊಂಡು ಬಾಯ್ದೇವ್, "ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತೆ ಅಣ್ಣ, ಇದು ನನ್ನ ಮಾತು" ಅಂದಿದ್ದರು. ಮುದುಕ ಸತ್ತ. ಕೊಟ್ಟ ಮಾತು ಬಾಯ್ದೇವ್ ತಲೆಯ ಮೇಲೆ ಉಳಿಯಿತು.

"ಒಂದು ತಿಂಗಳಿಗೆ ಕೊಡಿ ಬಾಯ್ದೇವ್, ಎಲ್ಲರ ಹೆಸರೂ ಹಾಕ್ತೀನಿ" ಅಂತ ಬುಜರಬರುವಾ ಬಂದು ಆ ಚೀಟಿಗಳಿದ್ದ ಹನ್ನೊಂದು ಬಿಸ್ಕತ್ತಿನ ಡಬ್ಬ ಕಾರಿಗೆ ತುಂಬಿಸಿದ. ಅವರ ಮನೆಯ ಎಳ್ಳು ತುಂಬಿದ ಅಕ್ಕಿಹಿಟ್ಟಿನ ಪೀಠಾ ನಾಲ್ಕು ತಿಂದ. ಅಲ್ಲಿಂದ ಹೋಗುವಾಗ ಒಂದು ವೀಳ್ಯದೆಲೆಯನ್ನೂ ಇಡಲಿಲ್ಲ.

ಎರಡು ವರ್ಷಕ್ಕೆ ಕರಡು ನನ್ನ ಮೇಜಿಗೆ ಬಂತು. ಒಬ್ಬರ ಹೆಸರೂ ಇಲ್ಲ. ಬೈಲುಂಗ್ ಹೇಳಿದ ಪದಗಳಲ್ಲಿ ಅರ್ಧಕ್ಕೆ ಸಂಸ್ಕೃತದ ಮೂಲ ಎಳೆದು ತಂದು ಅಂಟಿಸಿದ್ದಾನೆ, ಇನ್ನರ್ಧಕ್ಕೆ 'ಮೂಲ ತಿಳಿಯದು'. ನನಗೆ ಮೈ ಉರಿಯಿತು. ನೇರ ಅವನ ಮನೆಗೆ ಹೋದೆ.

"ಸಾರ್, ಪದ ಕೊಟ್ಟೋರ ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಮುಕುಟ, ನಾನೇ ಬಿಟ್ಟಿದ್ದು. ಹಳ್ಳಿ ಮುದುಕರ ಹೆಸರು ಹಾಕೋಕೆ ಇದೇನು ವೋಟರ್ ಲಿಸ್ಟಾ?"

"ಮೂಲ ತಿಳಿಯದು ಅಂತಿದೆ. ಬಾಯ್ದೇವ್ ಚೀಟಿಯಲ್ಲಿ ತಾಯ್ ಅಂತ ಸ್ಪಷ್ಟವಾಗಿತ್ತಲ್ಲ."

"ನನಗೇ ತಿಳಿಯದ್ದು ಆ ಮುದುಕನಿಗೆ ತಿಳಿದಿತ್ತಾ? ನೀನು ಕಾಮಾ, ಫುಲ್‌ಸ್ಟಾಪ್ ನೋಡು ಸಾಕು."

ನೋಡಿದೆ. ಮುನ್ನೂರೈವತ್ತು ಪುಟದ ಕಾಮಾ ನೋಡಿ ಕೊಟ್ಟೆ, ನನ್ನ ಯೋಗ್ಯತೆಯೂ ಅಷ್ಟೇ. ಮಾಡಿದ ಒಂದೇ ಒಳ್ಳೇ ಕೆಲಸ ಅಂದರೆ ಬಿಡುಗಡೆಯ ಹಿಂದಿನ ದಿನ ಹೋಗಿ ಬಾಯ್ದೇವ್‌ಗೆ ಹೇಳಿದ್ದು.

ಅವರು ಮಗ್ಗದ ಮುಂದೆ ಕೂತಿದ್ದರು. ಲಾಳಿ ಕೈಯಲ್ಲೇ ನಿಂತಿತು. "ಬೈಲುಂಗ್ ಹೆಂಡತಿ ಪಾತೇಶ್ವರಿ ಅತ್ತಿಗೆ ನಾಳೆ ಬರ್ತಾರೆ ಕಣೋ. ನಾನೇ ವೀಳ್ಯ ಇಟ್ಟು ಕರೆದಿದ್ದೆ. ಗಂಡನ ಹೆಸರು ಓದಿಸಿ ಕೇಳಬೇಕು ಅಂತ ಕಾಯ್ತಿದ್ದಾರೆ."

"ಬರಬೇಡಿ ಅಂತ ಹೇಳಿ ಕಳಿಸಲಾ?"

"ಬರಲಿ ಬಿಡು" ಅಂದು ಲಾಳಿ ಮುಂದಕ್ಕೆ ತಳ್ಳಿದರು.

ಸಭೆ ತುಂಬಿತ್ತು. ವೇದಿಕೆಯ ಮೇಲೆ ಬುಜರಬರುವಾನ ಕೊರಳಿಗೆ ಒಬ್ಬೊಬ್ಬರಾಗಿ ಗಾಮೋಸಾ ಅನ್ನೋ ಕೆಂಪಂಚಿನ ವಸ್ತ್ರ ಹೊದಿಸಿ ಹೊದಿಸಿ ಕೊನೆಗೆ ಮೂಗು, ಕನ್ನಡಕ ಮಾತ್ರ ಕಾಣುತ್ತಿದ್ದವು. "ಇದು ನನ್ನ ಇಪ್ಪತ್ತು ವರ್ಷದ ತಪಸ್ಸು" ಅಂದ. ನಾಚಿಕೆ ಅನ್ನೋದನ್ನ ಈ ಮನುಷ್ಯ ಯಾವ ಕಾಲದಲ್ಲೋ ತೊಳೆದು ಕುಡಿದಿದ್ದ.

ಆಗ ಮುಂದಿನ ಸಾಲಿನಿಂದ ಬಾಯ್ದೇವ್ ಎದ್ದರು. ಕೈಯಲ್ಲಿ ಹೊರಾಯಿ, ಕಾಲಿರುವ ಕಂಚಿನ ತಟ್ಟೆ. ಅದರಲ್ಲಿ ಅಡಿಕೆ, ವೀಳ್ಯದೆಲೆ, ಅವರೇ ನೇಯ್ದ ಗಾಮೋಸಾ. ನಮ್ಮಲ್ಲಿ ಸನ್ಮಾನಕ್ಕೂ ಹೊರಾಯಿ, ತಪ್ಪೊಪ್ಪಿಕೊಳ್ಳೋಕೂ ಹೊರಾಯಿ. ನಮ್ಮ 'ಟೋ'ಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ.

"ನಮ್ಮ ಬಾಯ್ದೇವ್ ಕೂಡ ನನ್ನನ್ನು ಗೌರವಿಸೋಕೆ ಬರ್ತಿದ್ದಾರೆ" ಅಂತ ಮೈಕಿನಲ್ಲಿ ಹೇಳಿ, ವೇದಿಕೆಯ ಅಂಚಿಗೆ ಬಂದು, ಕತ್ತು ಬಗ್ಗಿಸಿ, ಎರಡೂ ಕೈ ಚಾಚಿ ನಿಂತ.

ಬಾಯ್ದೇವ್ ಅವನಿಗೆ ಬೆನ್ನು ಹಾಕಿ ಹಿಂದಕ್ಕೆ ನಡೆದರು. ಕೊನೇ ಸಾಲಿನಲ್ಲಿ ಕೂತಿದ್ದ ಪಾತೇಶ್ವರಿಯ ಮುಂದೆ ಹೊರಾಯಿ ಇಟ್ಟು, ಎಪ್ಪತ್ತೆಂಟರ ಮಂಡಿಯನ್ನು ನೆಲಕ್ಕೂರಿ ಹಣೆ ಮುಟ್ಟಿಸಿದರು.

"ಅತ್ತಿಗೆ, ಅಣ್ಣ ನಂಬಿ ಕೊಟ್ಟದ್ದನ್ನ ನಾನು ಕಳ್ಳನ ಕೈಗೆ ಕೊಟ್ಟೆ. ಪುಸ್ತಕದಲ್ಲಿ ಅಣ್ಣನ ಹೆಸರಿಲ್ಲ. ತಪ್ಪು ನಂದು. ಕ್ಷಮಿಸಿ."

ಕ್ಷಮೆಯ ವೀಳ್ಯ ತಗೊಂಡರೆ ಕ್ಷಮಿಸಿದ ಹಾಗೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಪಾತೇಶ್ವರಿ ಒಂದು ಅಡಿಕೆ ಹೋಳು ತೆಗೆದು ಬಾಯಿಗಿಟ್ಟುಕೊಂಡು, ಬಾಯ್ದೇವ್ ರಟ್ಟೆ ಹಿಡಿದು ಎಬ್ಬಿಸಿದರು.

"ನಿಂದು ತಗೊಂಡೆ ತಂಗಿ" ಅಂದರು. ಆಮೇಲೆ ವೇದಿಕೆಯ ಕಡೆ ನೋಡಿ, "ಅವನದ್ದು ಅವನೇ ತರಲಿ."

ಅವನಿನ್ನೂ ಕೈ ಚಾಚಿಕೊಂಡೇ ನಿಂತಿದ್ದ.

ಆರು ತಿಂಗಳಾದ ಮೇಲೆ ಬುಜರಬರುವಾ ಡ್ರೈವರ್ ಕೈಲಿ ಪಾತೇಶ್ವರಿ ಮನೆಗೆ ಒಂದು ಪುಸ್ತಕ ಕಳಿಸಿದನಂತೆ. ಜೊತೆಗೆ ವೀಳ್ಯ ಇರಲಿಲ್ಲ. ಆಕೆ ಡ್ರೈವರಿಗೆ ಚಹಾ ಕೊಟ್ಟು, ಪುಸ್ತಕವನ್ನು ಅವನ ಕೈಲೇ ವಾಪಸ್ ಕಳಿಸಿದರು.