ಕೊನೆಯವರು ಯಾರು?

ನಮ್ಮ ಸಂತೇಲಿ ಸಾಲು ಅನ್ನೋ ಪದಾರ್ಥವನ್ನ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರ ಮೊಣಕೈ ಗಟ್ಟಿಯೋ ಅವರು ಮುಂದೆ, ಅಷ್ಟೇ. ಆ ಸಾಲನ್ನ ನಮಗೆ ತಂದುಕೊಟ್ಟೋಳು ಕ್ಯೂಬಾದ ನಿಯುರ್ಕ. ಅದೂ ತಾನೇನು ಮಾಡ್ತಿದೀನಿ ಅಂತ ಗೊತ್ತಿಲ್ಲದೇನೇ! ಈಗ ನೆನೆಸಿಕೊಂಡರೂ ನನಗೆ ಕೂತಲ್ಲಿ ಕೂರೋಕಾಗಲ್ಲ.

ನಾನು ಇಲೊಮೆನ್. ಫೊಂತೇನ್ ಸಂತೆಯ ಪೂರ್ವದ ಬಾಗಿಲ ಹತ್ತಿರ ಇಪ್ಪತ್ತೆರಡು ವರ್ಷದಿಂದ ಒಂದೇ ಜಾಗದಲ್ಲಿ ಪ್ಯಾಂಟು, ಅಂಗಿ, ಮಕ್ಕಳ ಫ್ರಾಕು ಮಾರ್ತೀನಿ. ಆ ವರ್ಷ ಕ್ಯೂಬಾದವರು ವಿಮಾನ ತುಂಬಿಕೊಂಡು ಬಟ್ಟೆ ಕೊಳ್ಳೋಕೆ ಹೈಟಿಗೆ ಬರ್ತಿದ್ದರು. ಅವರ ದ್ವೀಪದಲ್ಲಿ ದೊಡ್ಡ ದೊಡ್ಡ ಅಂಗಡಿ ಇವೆಯಂತೆ, ಒಳಗೆ ಏನೂ ಇಲ್ಲವಂತೆ. ನಮ್ಮಲ್ಲಿ ಅಂಗಡಿಗೇ ಗತಿಯಿಲ್ಲ, ಆದರೆ ಬೀದಿ ತುಂಬ ಸಾಮಾನು. ನಾನೂ ಮನೆಯ ಹಿಂದಿನ ಕೋಣೆಯನ್ನ ಅವರಿಗೆ ಬಾಡಿಗೆಗೆ ಬಿಟ್ಟಿದ್ದೆ, ನಿಯುರ್ಕ ಅಲ್ಲಿಗೇ ಬಂದಳು.

ಹತ್ತೊಂಬತ್ತು ವರ್ಷ ನರ್ಸಾಗಿದ್ದೋಳು. ತಿಂಗಳ ಸಂಬಳಕ್ಕೆ ಎರಡು ಪ್ಯಾಂಟೂ ಬರಲ್ಲ ಅಂತ ಕೆಲಸ ಬಿಟ್ಟು ಬಟ್ಟೆ ಮಾರೋಕೆ ಇಳಿದಿದ್ದಳು. ಅವಳ ಅಜ್ಜಿ ನಮ್ಮೋಳೇ, ಕಬ್ಬು ಕಡಿಯೋಕೆ ಅಂತ ಅಲ್ಲಿಗೆ ಹೋದೋಳು ಅಲ್ಲೇ ಮಣ್ಣಾದಳು. ಹಾಗಾಗಿ ನಿಯುರ್ಕ ನಮ್ಮ ಭಾಷೆ ಮಾತಾಡ್ತಿದ್ದಳು, ಆದರೆ ನೂರು ವರ್ಷದ ಹಳೇ ಮಾತು. ಬಾಯಿ ತೆಗೆದರೆ ನಮ್ಮ ಸತ್ತ ಮುತ್ತಜ್ಜಿ ಎದ್ದು ಬಂದು ಬೈದ ಹಾಗಿರೋದು. ಗಡ್ಡ ಮೀಸೆ ಬಂದ ಗಂಡಸರೂ ಅವಳ ಮಾತಿಗೆ ಥಟ್ಟನೆ ಟೋಪಿ ತೆಗೀತಿದ್ದರು.

ದಿನಾ ಬೆಳಿಗ್ಗೆ ಕಾಫಿಗೆ ಬ್ರೆಡ್ಡು ಅದ್ದಿಕೊಂಡು ನಮ್ಮಿಬ್ಬರಿಗೂ ಜಗಳ.

"ನಮ್ಮಲ್ಲಿ ಹೆರಿಗೆಗೆ ಒಂದು ಕಾಸು ಕೇಳಲ್ಲ ಅಕ್ಕ, ಗೊತ್ತಾ?"

"ಗೊತ್ತು ಕಣೇ ತಾಯಿ. ನಮ್ಮಲ್ಲಿ ಸೂಜಿ, ದಾರ, ಕೈಗೆ ಹಾಕೋ ಚೀಲ ಎಲ್ಲ ನೀನೇ ಕೊಂಡು ತಾ, ಆಮೇಲೆ ಹೆರು ಅಂತಾರೆ. ಒಪ್ಪಿದೆ. ಆದರೆ ಹೇಳು, ನಿನ್ನ ಮಂತ್ರಿಯನ್ನ ಕತ್ತೆ ಅಂತ ನಡುಬೀದೀಲಿ ನಿಂತು ಕರೀತೀಯಾ?"

ಪಾಪ, ತಕ್ಷಣ ಎದ್ದು ಹೋಗಿ ಕಿಟಕಿ ಹಾಕೋಳು! ನನ್ನ ಮನೆ ಕಿಟಕಿ! ಹೊರಗೆ ನನ್ನ ಕೋಳಿಗಳು ಬಿಟ್ಟರೆ ಕೇಳೋ ನರಪಿಳ್ಳೆ ಇರ್ತಿರಲಿಲ್ಲ. ತಮ್ಮ ದೊಡ್ಡೋರ ಮಾತು ಬಂದರೆ ಹೆಸರು ಹೇಳ್ತಿರಲಿಲ್ಲ, ಮಿಲಿಟರಿ ಪಟ್ಟಿ ಇರೋ ಜಾಗ ಅಂತ ಎರಡು ಬೆರಳಿಂದ ಭುಜ ತಟ್ಟಿ ತೋರಿಸೋಳು. "ನಿಮ್ಮಲ್ಲಿ ಡಾಕ್ಟರು ಪುಕ್ಕಟೆ, ನಮ್ಮಲ್ಲಿ ಬಾಯಿ ಪುಕ್ಕಟೆ" ಅಂತ ನಾನು ರೇಗಿಸ್ತಿದ್ದೆ. "ಬಾಯಿಗೆ ಹಾಕೋಕೆ ಮಾತ್ರೆ ಬೇಕಲ್ಲ ಅಕ್ಕ" ಅಂತ ಅವಳು ತಿರುಗಿಸಿ ಕೊಡೋಳು. ಸೋಲೋ ಪೈಕಿ ಅಲ್ಲ.

ಆ ವಾರ ಮಾತ್ರ ನನಗೆ ತಮಾಷೆಯ ಮನಸ್ಸಿರಲಿಲ್ಲ. ಪೂರ್ವದ ಬಾಗಿಲ ಬಟ್ಟೆಯೋರೆಲ್ಲ ಬರೋ ಸೋಮವಾರದೊಳಗೆ ಜಾಗ ಖಾಲಿ ಮಾಡಬೇಕು ಅಂತ ಸಂತೆ ಸಮಿತಿಯೋರು ಮೂರು ವಾರದ ಹಿಂದೇನೇ ಚೀಟಿ ಅಂಟಿಸಿದ್ದರು. ಲಾರಿ ನಿಲ್ಲಿಸೋಕೆ ಜಾಗ ಬೇಕಂತೆ. ನಾವು ಹೋಗಬೇಕಾದದ್ದು ಕಾಲುವೆ ಆಚೆಗೆ, ಹಂದಿ ಕಡಿಯೋ ಕಡೆಗೆ. ಆ ನಾತದಲ್ಲಿ ಯಾವ ಹೆಣ್ಣುಮಗಳು ಬಂದು ಮಗಳಿಗೆ ಫ್ರಾಕು ಕೊಳ್ತಾಳೆ? ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳು ನನ್ನನ್ನ ಕಣ್ಣುಮುಚ್ಚಿ ಹುಡುಕಿಕೊಂಡು ಬರ್ತಾರೆ. ಆ ಜಾಗ ಹೋದರೆ ಇಲೊಮೆನ್ನೂ ಇಲ್ಲ.

ಉಳಿದಿದ್ದು ಒಂದೇ ದಾರಿ. ಗುರುವಾರ ಹತ್ತರಿಂದ ಹನ್ನೆರಡರ ತನಕ ರೇಡಿಯೋ ವ್ಯಾನು ಸಂತೆಗೆ ಬರುತ್ತೆ. ಯಾರು ಬೇಕಾದರೂ ಮೈಕು ಹಿಡಿದು ಏನು ಬೇಕಾದರೂ ಹೇಳಬಹುದು, ಊರೆಲ್ಲ ಕೇಳುತ್ತೆ. ಆ ಗುರುವಾರ ಸಮಿತಿ ಅಧ್ಯಕ್ಷ ದೋರ್ವಿಲ್ಯೂಸ್ ಖುದ್ದು ವ್ಯಾನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರ್ತಾನೆ ಅಂತ ಸುದ್ದಿ. ಹಿಂದಿನ ಎರಡು ಗುರುವಾರವೂ ನಾನು ನುಗ್ಗಿ ನೋಡಿದ್ದೆ. ಮೈಕಿನ ಸುತ್ತ ಗಂಡಸರ ಕೋಟೆ. ಒಬ್ಬ ಫುಟ್‌ಬಾಲಿನ ಮಾತು, ಇನ್ನೊಬ್ಬ ಕನಸಲ್ಲಿ ಬಂದ ಲಾಟರಿ ನಂಬರು, ಮತ್ತೊಬ್ಬ ಓಡಿಹೋದ ಹೆಂಡತಿಗೆ ಬೈಗುಳ. ನಾವು ಹೆಂಗಸರು ಅಂಗಡಿ ಬಿಟ್ಟು ಎಷ್ಟು ಹೊತ್ತು ನಿಲ್ಲೋಕಾಗುತ್ತೆ? ತಿರುಗಿ ನೋಡೋದರೊಳಗೆ ಎರಡು ಪ್ಯಾಂಟು ಮಾಯ.

ಗುರುವಾರ ಬಂತು. ವ್ಯಾನು ಬಂತು. ಕೋಟೆನೂ ಎದ್ದಿತು. ನಾನು ಅಂಗಡಿಯಿಂದಲೇ ನೋಡ್ತಾ ಹಲ್ಲು ಕಡೀತಿದ್ದೆ. ಅಷ್ಟರಲ್ಲಿ ನಿಯುರ್ಕ ಚೀಲ ಹೊತ್ತುಕೊಂಡು ಬಂದೋಳು ಗುಂಪು ನೋಡಿದಳು ನೋಡಿ, ಅವಳ ಬೆನ್ನು ನೆಟ್ಟಗಾಯಿತು. ಚೀಲ ಕೆಳಗಿಟ್ಟಳು. ಕೈ ಮೇಲೆತ್ತಿ ಸಂತೆಗೆಲ್ಲ ಕೇಳೋ ಹಾಗೆ ಕೂಗಿದಳು:

"ಕೊನೆಯವರು ಯಾರು?"

ಜನ ಪಿಳಿಪಿಳಿ ನೋಡಿದರು. ಎಳನೀರು ಮಾರೋ ಮುದುಕ ಅನೇಯುಸ್ ಹೆದರಿಕೊಂಡು "ನಾ... ನಾನಿರಬಹುದು ತಾಯಿ" ಅಂದ.

"ಸರಿ ತಾತ. ನಾನು ನಿನ್ನ ಹಿಂದೆ." ನನ್ನ ಕಡೆ ತಿರುಗಿ, "ಅಕ್ಕ, ನೀನು ನನ್ನ ಹಿಂದೆ. ನೆನಪಿಟ್ಕೋ. ಈಗ ಹೋಗಿ ವ್ಯಾಪಾರ ನೋಡು."

"ನಿಲ್ಲೋದು ಬೇಡ್ವೇನೇ?"

"ನಿಂತುಕೊಂಡೇ ಇದ್ದರೆ ಬೇರೆ ಕೆಲಸ ಯಾವಾಗ ಮಾಡೋದು? ಯಾರ ಹಿಂದೆ ಅಂತ ಗೊತ್ತಿದ್ದರೆ ಮುಗೀತು. ಜಾಗ ಎಲ್ಲೂ ಓಡಿಹೋಗಲ್ಲ. ನಾನು ಸಾಲಲ್ಲಿ ಇದ್ದುಕೊಂಡೇ ಮಗಳನ್ನ ಸ್ಕೂಲಿಗೆ ಬಿಟ್ಟು, ಬಟ್ಟೆ ಒಗೆದು, ಒಂದು ನಿದ್ದೆ ಮಾಡಿ ಎದ್ದು ಬಂದಿದೀನಿ."

ನನಗೆ ತಲೆಯೊಳಗೆ ದೀಪ ಹತ್ತಿಕೊಂಡಿತು! ಪಕ್ಕದ ಒಳಉಡುಪಿನ ಕ್ಲೆಮೀಸ್ಯ ಕೂತಲ್ಲಿಂದಲೇ ಚೀರಿದಳು, "ಹಾಗಾದರೆ ನಾನು ಇಲೊಮೆನ್ ಹಿಂದೆ!" ಅವಳ ಹಿಂದೆ ಚಪ್ಪಲಿಯೋಳು. ಚಪ್ಪಲಿಯೋಳ ಹಿಂದೆ ಪರದೆ ಬಟ್ಟೆಯೋಳು. ಕಾಲು ಗಂಟೆಯೊಳಗೆ ಮೂವತ್ತಾರು ಜನ ಹೆಂಗಸರು ಸಾಲಲ್ಲಿದ್ದೆವು, ಒಬ್ಬಳೂ ಅಂಗಡಿ ಬಿಟ್ಟು ಎದ್ದಿರಲಿಲ್ಲ.

ಆದರೆ ಮುಂದಿದ್ದ ಗಂಡಸರು ಒಬ್ಬನ ಭುಜದ ಮೇಲೆ ಒಬ್ಬ ಹತ್ತುತ್ತಲೇ ಇದ್ದರು. ನಿಯುರ್ಕಳಿಗೆ ಅದನ್ನ ಸಹಿಸೋಕಾಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ಒಳಗೆ ನುಗ್ಗಿದಳು.

"ಏಯ್ ದೊಡ್ಡಪ್ಪ, ನೀನು ಯಾರ ಹಿಂದೆ?"

"ನಾನು... ಯಾರ ಹಿಂದೆನೂ ಅಲ್ಲ."

"ಯಾರ ಹಿಂದೆನೂ ಇಲ್ಲದೋನು ಎಲ್ಲರ ಹಿಂದೆ. ಹೋಗು ಕೊನೆಗೆ! ನೀನು? ನೀನು ಯಾರ ಹಿಂದೆ? ನಿನ್ನನ್ನ ಹೆತ್ತೋರು ಇದನ್ನ ಕಲಿಸಲಿಲ್ವಾ?"

ಮುತ್ತಜ್ಜಿಯ ಭಾಷೇಲಿ ಬೈಸಿಕೊಂಡರೆ ಯಾರು ನಿಲ್ತಾರೆ ಹೇಳಿ? ಲಾಟರಿ ನಂಬರಿನೋನು ತಲೆ ತಗ್ಗಿಸಿಕೊಂಡು ಕೊನೆಗೆ ಹೋದ. ಕೋಟೆ ಕುಸಿಯಿತು. ಸಂತೆಗೆ ಸಂತೆಯೇ ಬಿದ್ದು ಬಿದ್ದು ನಗ್ತಿತ್ತು. ನಾನೋ, ಮೂರು ವಾರದಿಂದ ಕಲಿತಿಟ್ಟ ಬೈಗುಳಗಳನ್ನ ಒಂದೊಂದಾಗಿ ಬಾಯಲ್ಲಿ ಹೊರಳಿಸಿ ನೋಡ್ಕೊಂಡೆ.

ಸಾಲು ಸರಿದು ಸರಿದು ಹನ್ನೆರಡಕ್ಕೆ ಐದು ನಿಮಿಷ ಇರೋವಾಗ ಅನೇಯುಸ್ ತಾತ ಎಳನೀರಿನ ಬೆಲೆ ಹೇಳಿ ಮುಗಿಸಿದ. ಈಗ ನಿಯುರ್ಕ. ಅವಳಾದ ಮೇಲೆ ನಾನು. ಅಂಗಡೀನ ಕ್ಲೆಮೀಸ್ಯಳಿಗೆ ಒಪ್ಪಿಸಿ ಓಡಿಬಂದೆ. ರೇಡಿಯೋದ ವಿಲ್ಗೆನ್ಸ್ ಅವಳ ಬಾಯಿಗೆ ಮೈಕು ಹಿಡಿದ. ಅವಳು ಖಾಲಿ ಚೀಲ ಅಗಲ ಮಾಡಿ ಹಿಡಿದು ಕೇಳಿದಳು:

"ಒಂದು ಮನೆಗೆ ಎಷ್ಟು ಕೊಡ್ತೀರಿ?"

ಅಯ್ಯೋ ದೇವರೇ! ಇಡೀ ಊರಿಗೆ ಕೇಳಿಸಿತು. ಎರಡು ಗಂಟೆ ಆ ಹೆಂಗಸು ಕೋಳಿಗೋ ಎಣ್ಣೆಗೋ ಅಂದುಕೊಂಡು ಸಾಲಲ್ಲಿ ಇದ್ದಳು! ಅವಳ ಊರಲ್ಲಿ ಮೊದಲು ಸಾಲಿಗೆ ಸೇರೋದು, ಆಮೇಲೆ ಏನು ಕೊಡ್ತಾರೆ ಅಂತ ಕೇಳೋದು.

ವಿಲ್ಗೆನ್ಸ್ ನಗು ತಡೆದುಕೊಂಡು "ಇಲ್ಲಿ ಕೊಡೋದು ಮೈಕು ಮಾತ್ರ ಅಮ್ಮ. ಏನು ಬೇಕಾದರೂ ಹೇಳಿ" ಅಂದ.

ಅವಳ ಮುಖ ಬಿಳಚಿಕೊಂಡಿತು. "ಏನು ಬೇಕಾದರೂ?"

"ಏನು ಬೇಕಾದರೂ."

"ಯಾರ ಬಗ್ಗೆ ಬೇಕಾದರೂ?"

"ಯಾರ ಬಗ್ಗೆ ಬೇಕಾದರೂ ಅಮ್ಮ. ಬೇಗ."

ಹಿಂದೆ ತಿರುಗಿ ನೋಡಿದಳು. ಎಡಕ್ಕೆ ನೋಡಿದಳು. ಬಟ್ಟೆ ಕೊಳ್ಳೋಕೆ ಬಂದಿದ್ದ ಅವಳ ಊರಿನೋರು ನಾಕೈದು ಜನ ಅಲ್ಲೇ ನಿಂತಿದ್ದರು, ಅವರೆಲ್ಲ ನೆಲ ನೋಡ್ತಿದ್ದರು. ಕೊಟ್ಟುಬಿಡೇ ಮೈಕು ನನಗೆ, ನನ್ನ ಜಾಗ ಹೋಗುತ್ತೆ ಅಂತ ನಾನು ಒಳಗೊಳಗೇ ಕುದೀತಿದ್ದೆ. ಅವಳು ಕೊಡಲಿಲ್ಲ. ಎರಡೂ ಕೈಯಲ್ಲಿ ಮೈಕು ಅಪ್ಪಿ ಹಿಡಿದಳು.

"ನನ್ನ ಹೆಸರು ನಿಯುರ್ಕ ದಂಹೆರ್" ಅಂದಳು. "ಹತ್ತೊಂಬತ್ತು ವರ್ಷ ನರ್ಸಾಗಿದ್ದೆ. ನನ್ನ ಕೈಯಲ್ಲಿ ಎಂಟುನೂರು ಮಕ್ಕಳು ಹುಟ್ಟಿವೆ. ಒಳ್ಳೇ ನರ್ಸು ನಾನು. ಆ ಕೆಲಸ ಬಿಡೋಕೆ ನನಗೆ ಇಷ್ಟ ಇರಲಿಲ್ಲ. ಯಾರೂ ನನ್ನನ್ನ ಕೇಳಲಿಲ್ಲ. ಅದಕ್ಕೇ ಈಗ ಹೇಳ್ತಿದೀನಿ. ನನಗೆ ಇಷ್ಟ ಇರಲಿಲ್ಲ."

ಅಷ್ಟೇ. ಯಾರನ್ನೂ ಬೈಯಲಿಲ್ಲ, ಯಾರ ಹೆಸರೂ ಎತ್ತಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ಸಿಟ್ಟೂ ಬಂತು, ಯಾಕೆಂದರೆ ಚರ್ಚಿನ ಗಂಟೆ ಹನ್ನೆರಡು ಬಾರಿಸ್ತಿತ್ತು.

"ಇಲ್ಲಿಗೆ ಇವತ್ತಿನ ಕಾರ್ಯಕ್ರಮ ಮುಗೀತು" ಅಂತ ವಿಲ್ಗೆನ್ಸ್ ವೈರು ಸುತ್ತೋಕೆ ಶುರು ಮಾಡಿದ. ದೋರ್ವಿಲ್ಯೂಸ್ ಸಮಾಧಾನದ ಉಸಿರು ಬಿಟ್ಟು ಕುರ್ಚಿಯಿಂದ ಎದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ.

ಆಗ ಕ್ಲೆಮೀಸ್ಯ ಕೂಗಿದಳು: "ಮುಗಿಯೋದು ಹೇಗೆ? ನಾನು ಇಲೊಮೆನ್ ಹಿಂದೆ ಇದೀನಿ!"

"ನಾನು ಕ್ಲೆಮೀಸ್ಯಳ ಹಿಂದೆ!"

"ನಾನು ಅವಳ ಹಿಂದೆ!"

ಒಬ್ಬೊಬ್ಬಳೇ ಅಂಗಡಿಯಿಂದ ಎದ್ದು ಬಂದು ಅವಳವಳ ಜಾಗದಲ್ಲಿ ನಿಂತಳು. ನೂಕಲಿಲ್ಲ, ನುಗ್ಗಲಿಲ್ಲ. ವ್ಯಾನಿನ ಮುಂದೆ ಬಾಗಿಲ ತನಕ ಹೆಂಗಸರ ಗೋಡೆ. ವ್ಯಾನು ಹೋಗೋದಾದರೂ ಎಲ್ಲಿಂದ? ಕೊನೆಯಲ್ಲಿ ನಿಂತಿದ್ದ ಲಾಟರಿ ನಂಬರಿನೋನು ಎಲ್ಲರಿಗಿಂತ ಜೋರಾಗಿ ಕಿರುಚ್ತಿದ್ದ: "ಅನ್ಯಾಯ! ನಾನು ಮೂವತ್ತೇಳನೆಯೋನು! ಸಾಲು ಅಂದರೆ ಸಾಲು!"

ವಿಲ್ಗೆನ್ಸ್ ವೈರು ಬಿಚ್ಚಿದ. ಮೈಕು ನನ್ನ ಕೈಗೆ ಬಂತು. ದೇವರಾಣೆ, ಕಲಿತಿಟ್ಟ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. "ನಾನು ಇಲೊಮೆನ್. ಇಪ್ಪತ್ತೆರಡು ವರ್ಷ ಅಲ್ಲಿ ಕೂತಿದೀನಿ. ಹೋಗೋಕೆ ನನಗೆ ಇಷ್ಟ ಇಲ್ಲ" ಅಂದೆ. ನನ್ನ ಹಿಂದಿನೋಳೂ ಅದನ್ನೇ ಅಂದಳು, ಅವಳ ಹಿಂದಿನೋಳೂ ಅದನ್ನೇ. ಮೂವತ್ತಾರು ಹೆಸರು, ಮೂವತ್ತಾರು ಸಲ ಇಷ್ಟ ಇಲ್ಲ. ದೋರ್ವಿಲ್ಯೂಸ್ ಬೆವರೊರೆಸಿಕೊಂಡು ಎಲ್ಲ ಕೇಳಿದ. ಕೊನೆಗೆ ಮೈಕು ತಗೊಂಡು, "ನಿಮ್ಮ ಮಾತು ಕೇಳಿಸಿಕೊಂಡಿದೀನಿ. ಸೋಮವಾರ ಜಾಗ ಖಾಲಿ ಮಾಡಿ" ಅಂದು ಕಾರು ಹತ್ತಿದ.

ನೋಡಿ, ಇದು ನಮ್ಮ ದೇಶ! ಬಾಯಿ ಪುಕ್ಕಟೆ ಅಂತ ಬೀಗ್ತಿದ್ದೋಳು ನಾನೇ ತಾನೆ. ಕಿವಿಗೆ ಎಷ್ಟು ಬೆಲೆ ಅಂತ ಅವತ್ತು ತಿಳೀತು. ಮನೆಗೆ ಬಂದು ಹುರಿದ ಬಾಳೆಕಾಯಿ ತಟ್ಟೆ ಮುಂದಿಟ್ಟುಕೊಂಡು ಅಳ್ತಾ ಕೂತೆ. ನಿಯುರ್ಕ ಮಾತ್ರ ಕೋಣೆ ತುಂಬ ಓಡಾಡ್ತಿದ್ದಳು, ಕೆನ್ನೆ ಕೆಂಡವಾಗಿತ್ತು.

"ಆಮೇಲೆ ಯಾರೂ ಬರಲ್ವಾ ಅಕ್ಕ? ಹೆಸರು ಬರೆದುಕೊಂಡು ಹೋಗೋಕೆ?"

"ಯಾರು ಬರ್ತಾರೆ? ಬಂದರೆ ಬಾಳೆಕಾಯಿ ಕೊಟ್ಟು ಕಳಿಸ್ತೀನಿ."

"ನಾನು ಹೇಳಿದೆ, ಅವರೆಲ್ಲ ಕೇಳಿದರು, ನಾನು ಮನೆಗೆ ಬಂದೆ!" ಅಂದಳು. ಮತ್ತೆ ಮತ್ತೆ ಅದನ್ನೇ ಅಂದಳು. "ಮನೆಗೆ ಬಂದೆ ಅಕ್ಕ!" ನನ್ನನ್ನ ಎಬ್ಬಿಸಿ ಗಿರಗಿರ ತಿರುಗಿಸಿದಳು. ಅಳ್ತಾ ಅಳ್ತಾನೇ ನಾನೂ ಕುಣಿದೆ. ಶನಿವಾರ ಮೂರು ದೊಡ್ಡ ಚೀಲ ಹೇರಿಕೊಂಡು ವಿಮಾನ ಹತ್ತಿ ಹೋದಳು. ಇಲ್ಲೇ ಇರೇ ಅಂದೆ. "ಮಗಳಿಗೆ ಉಬ್ಬಸ ಅಕ್ಕ, ಇಲ್ಲಿ ಯಾರು ನೋಡ್ತಾರೆ?" ಅಂದಳು. ಮಗಳಿಗೆ ಅಂತ ನಾನು ಒಂದು ಫ್ರಾಕು ಮಡಿಸಿ ಅವಳ ಚೀಲಕ್ಕೆ ತುರುಕಿದೆ.

ಸೋಮವಾರ ಬೆಳಿಗ್ಗೆ ಲಾರಿ ಬಂತು. ದೋರ್ವಿಲ್ಯೂಸ್, ಹಿಂದೆ ಆರು ಜನ ಆಳುಗಳು. ನಾವು ಮೂವತ್ತಾರು ಜನವೂ ನಮ್ಮ ನಮ್ಮ ಜಾಗದಲ್ಲೇ ಕೂತಿದ್ದೆವು.

"ಏಳಿ, ಏಳಿ! ಮೊದಲು ಯಾರು?" ಅಂತ ಅವನು ಗದರಿದ.

ನಾನು ಬಾಯಿ ಬಿಡೋ ಮೊದಲೇ ಮೂವತ್ತಾರನೆಯೋಳು, ಗುಂಡಿ ಮಾರೋಳು, ಅಂದಳು: "ನಾನು ನೂಲಿನೋಳ ಹಿಂದೆ, ಸ್ವಾಮಿ. ಅವಳು ಎದ್ದ ಮೇಲೆ ನಾನು ಏಳ್ತೀನಿ."

ನೂಲಿನೋಳು, "ನಾನು ಟವೆಲಿನೋಳ ಹಿಂದೆ."

ದೋರ್ವಿಲ್ಯೂಸ್ ಒಬ್ಬೊಬ್ಬಳ ಮುಂದೆ ನಿಂತು ಕೇಳ್ತಾ ಬಂದ, ಅವನ ಹಿಂದೆ ಸಂತೆಯ ಜನ ಸೇರ್ತಾ ಬಂದರು. ಆಳುಗಳ ಮುಖದಲ್ಲಿ ನಗು ಶುರುವಾಗಿತ್ತು. ಪರದೆಯೋಳು, ಚಪ್ಪಲಿಯೋಳು, ಕ್ಲೆಮೀಸ್ಯ, ಎಲ್ಲ ದಾಟಿ ನನ್ನ ಮುಂದೆ ಬಂದು ನಿಂತಾಗ ಅವನ ಕತ್ತಿನ ನರ ಉಬ್ಬಿತ್ತು.

"ಹಾಗಾದರೆ ನೀನೇ ಮೊದಲು. ಏಳು!"

ನಾನು ಫ್ರಾಕಿನ ಮಡಿಕೆ ಸರಿ ಮಾಡಿದೆ. "ನಾನು ನಿಯುರ್ಕಳ ಹಿಂದೆ, ಸ್ವಾಮಿ. ಊರಿಗೆಲ್ಲ ಗೊತ್ತು, ರೇಡಿಯೋದಲ್ಲಿ ಬಂದಿದೆ."

"ಎಲ್ಲಿದಾಳೆ ಅವಳು?"

"ಕ್ಯೂಬಾದಲ್ಲಿ. ಹೋಗಿ ಅವಳನ್ನ ಮೊದಲು ಎಬ್ಬಿಸಿ."

ಆಳುಗಳೇ ಮೊದಲು ಹೊಟ್ಟೆ ಹಿಡಿದುಕೊಂಡು ಕೂತರು. ಆಮೇಲೆ ನಕ್ಕಿದ್ದು ಇಡೀ ಸಂತೆ. ಆ ನಗುವಿನ ಮಧ್ಯೆ ಲಾರಿಯೋನು ಗಾಡಿ ಹಿಂದಕ್ಕೆ ತಗೊಂಡ. ಇದಾಗಿ ವರ್ಷಗಳೇ ಆದವು, ನಾನಿನ್ನೂ ಪೂರ್ವದ ಬಾಗಿಲಲ್ಲೇ ಕೂತಿದೀನಿ, ಯಾಕೆಂದರೆ ಅವಳನ್ನ ಆ ದೇಶದೋರು ಮತ್ತೆ ಹೊರಗೆ ಬಿಟ್ಟಿಲ್ಲ.