ಗಾಳಿಯಾಡದ ಮೂಲೆ

ಲೆಕ್ಕದಮ್ಮನಿಗೆ ಹಟ ಜಾಸ್ತಿ ಅಂತ ಕಾರ್ಖಾನೆಯಲ್ಲಿ ಎಲ್ಲರೂ ಅನ್ನುವವರೇ. ಅನ್ನಲಿ ಬಿಡಿ, ಹಟ ಇಲ್ಲದವರಿಗೆ ಇಂಥ ಲೆಕ್ಕ ಬಗೆಹರಿಯುವುದೂ ಇಲ್ಲ. ಅಲ್ಲಿ ತಯಾರಾಗುತ್ತಿದ್ದದ್ದು ಇಂಧನ ಕೋಶ, ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ ಡಬ್ಬಿ. ಪಕ್ಕದ ಪುಟ್ಟ ಸಿಲಿಂಡರಿನಿಂದ ಜಲಜನಕ, ಮೈಮೇಲಿನ ತೂತುಗಳಿಂದ ಕೋಣೆಯ ಗಾಳಿ, ಎರಡೂ ಸೇರಿದರೆ ಕರೆಂಟು. ಫ್ಯಾನಿಲ್ಲ, ಪಂಪಿಲ್ಲ, ಸದ್ದೂ ಇಲ್ಲ. ತನ್ನ ಗಾಳಿ ತಾನೇ ಎಳೆದುಕೊಳ್ಳುತ್ತದೆ. ಅದು ಹೇಗೆ ನಡೆದೀತು ಅಂತ ಸಮೀಕರಣ ಬರೆದು, ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವುದು ಇವಳ ಕೆಲಸ.

ಡಬ್ಬಿ ಯಾತಕ್ಕೆ ಅಂದರೆ, ಕರೆಂಟು ಹೋದಾಗ ರೋಗಿಯ ಉಸಿರಾಟದ ಯಂತ್ರವನ್ನು ಎಂಟು ಗಂಟೆ ನಡೆಸುವುದಕ್ಕೆ. ಸೋಮವಾರ ಮೊದಲ ಹತ್ತು ಹೊರಗೆ ಹೋಗಬೇಕು. ಹತ್ತರಲ್ಲಿ ಒಂದು ಅವಳ ಅಪ್ಪನಿಗೇ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ ಶ್ವಾಸಕೋಶ ಕೆಡಿಸಿಕೊಂಡ ಮನುಷ್ಯ. ಕರೆಂಟು ಹೋದರೆ ಮನೆಯ ಬ್ಯಾಟರಿ ಒಂದು ಗಂಟೆ ಎಳೆದರೆ ಹೆಚ್ಚು. ಆಮೇಲೆ ಅಮ್ಮ ಪಕ್ಕದ ಮನೆಯವರ ಕಾರು ಹತ್ತಿಸಿ ಆಸ್ಪತ್ರೆಗೆ ಓಡಬೇಕು. ಈ ವರ್ಷ ಹಾಗೆ ಏಳು ಸಲ ಓಡಿದ್ದಾಳೆ. ಈ ತಿಂಗಳೇ ಡಬ್ಬಿ ಬರುತ್ತೆ ಅಂತ ಮಗಳು ಮಾತು ಕೊಟ್ಟಿದ್ದಳು.

ಆದರೆ ಅವಳ ಲೆಕ್ಕ ಒಪ್ಪುತ್ತಿರಲಿಲ್ಲ. ರೋಗಿಯ ಮಂಚಕ್ಕೂ ಗೋಡೆಗೂ ನಡುವಿನ ಗಾಳಿಯಾಡದ ಮೂಲೆಯಲ್ಲಿ ಡಬ್ಬಿಯ ಬಿಸಿ ಅಲ್ಲೇ ನಿಲ್ಲುತ್ತದೆ, ಒಳಗಿನ ತೇವದ ಪೊರೆ ಒಣಗುತ್ತದೆ, ಒಣಗಿದಷ್ಟೂ ಬಿಸಿ ಏರುತ್ತದೆ. ನಾಲ್ಕು ಗಂಟೆ ತುಂಬುವ ಮೊದಲೇ ನಿಲ್ಲುತ್ತದೆ ಅಂತ ಸಮೀಕರಣ ಹೇಳುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಆರು ಸಲವೂ ಪೂರ್ತಿ ಎಂಟು ಗಂಟೆ ನಿಲ್ಲದೆ ನಡೆದಿತ್ತು.

ಮುಖ್ಯಸ್ಥರಿಗೆ ತಾಳ್ಮೆ ಮುಗಿದಿತ್ತು. "ಆ ಗಾಳಿಯ ಗುಣಾಂಕ ಒಂದನ್ನ ಚೂರು ಏರಿಸಮ್ಮ. ನಿನ್ನ ಲೆಕ್ಕದ ಗೆರೆ ತಾನಾಗಿ ಪರೀಕ್ಷೆಯ ಚುಕ್ಕಿಗಳ ಮೇಲೆ ಕೂರುತ್ತೆ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ ಸರ್."

ನಿಮ್ಮಪ್ಪನಿಗೆ ಹೋಗೋ ಡಬ್ಬಿಗೆ ನೀನೇ ಅಡ್ಡಗಾಲು ಹಾಕ್ತೀಯಲ್ಲ ಅಂತ ಅವರು ಗೊಣಗಿದರು. ಅದು ಅವಳ ಎದೆಗೆ ನಾಟಿತು. ಆದರೂ ಜಗ್ಗಲಿಲ್ಲ. ಮರುದಿನ ಬೆಳಿಗ್ಗೆಯೇ ಸ್ಟೂಲು ಎತ್ತಿಕೊಂಡು ಪರೀಕ್ಷಾ ಕೋಣೆಗೆ ಹೋಗಿ ಕೂತಳು.

ಪರೀಕ್ಷೆ ಅಂದರೆ, ಎಲ್ಲರೂ ಮೀಟರ್ ಮಾವ ಅಂತ ಕರೆಯುವ ಹಿರಿಯ ಕೆಲಸಗಾರನ ರಾಜ್ಯ. ಇಪ್ಪತ್ತಾರು ವರ್ಷದ ಸರ್ವೀಸು. ತನ್ನ ಕಣ್ಣಾರೆ ನೋಡದ ಅಂಕಿಯನ್ನು ನಂಬುವ ಜಾಯಮಾನವೇ ಅವನದಲ್ಲ. ಕಿಟಕಿ ಭದ್ರ, ಫ್ಯಾನು ಬಂದ್, ಪ್ಲೈವುಡ್ಡಿನ ಗೋಡೆ, ಮಂಚ, ಎಲ್ಲ ರೋಗಿಯ ಕೋಣೆಯ ಹಾಗೇ ಅಚ್ಚುಕಟ್ಟು. ಐದು ನಿಮಿಷಕ್ಕೊಮ್ಮೆ ಬಾಗಿಲು ತಳ್ಳಿಕೊಂಡು ಬರುವುದು, ಬಗ್ಗಿ ಮೀಟರು ಓದುವುದು, ಬರೆದುಕೊಂಡು ಹೋಗುವುದು. ಅವನು ಆರನೆಯ ಸಲ ಬಂದಾಗ ಅವಳು ಮಂಚದ ಮೇಲಿದ್ದ ಒಂದು ಕಾಗದ ನೋಡಿದಳು. ಬಾಗಿಲು ತೆರೆದೊಡನೆ ಅದರ ಅಂಚು ಪಟಪಟ ಅಂತು. ಅವನು ಮಂಚ ಬಳಸಿ ನಡೆದಾಗ ಮತ್ತೊಮ್ಮೆ ಅಂತು. ಅಯ್ಯೋ, ಮೂಲೆಗೆ ಗಾಳಿ ಬೀಸ್ತಿರೋದು ಇಷ್ಟು ದಿನ ಕಣ್ಣೆದುರಿಗೇ ಇತ್ತಲ್ಲ ಅಂತ ತನ್ನನ್ನೇ ಬೈದುಕೊಂಡಳು.

ಮಧ್ಯಾಹ್ನದೊಳಗೆ ಐದು ನಿಮಿಷಕ್ಕೊಂದು ಬೀಸುಗಾಳಿಯನ್ನು ಸಮೀಕರಣಕ್ಕೆ ಸೇರಿಸಿ ಓಡಿಸಿದಳು. ಗುಣಾಂಕಕ್ಕೆ ಕೈ ಹಚ್ಚಲಿಲ್ಲ. ಗೆರೆ ಮಾವನ ಚುಕ್ಕಿಗಳ ಮೇಲೆಯೇ ಹಾದುಹೋಯಿತು.

ಅದನ್ನು ಮಾವನಿಗೆ ಹೇಳುವುದೇ ಕಷ್ಟವಾಯಿತು. ಅವನ ಮುಖ ಕೆಂಪಾಯಿತು. "ನನ್ನ ಅಂಕಿ ಸುಳ್ಳು ಅಂತೀಯಾ?"

"ಒಂದೂ ಸುಳ್ಳಲ್ಲ ಮಾವ. ಆದ್ರೆ ಮಲಗಿರೋ ರೋಗಿ ಹತ್ತಿರ ಐದೈದು ನಿಮಿಷಕ್ಕೆ ಯಾರು ಬಂದು ಹೋಗ್ತಾರೆ, ಹೇಳಿ?"

ಅವನು ತಾನು ಬರೆದಿಟ್ಟ ಅಂಕಿಗಳನ್ನು ಮತ್ತೊಮ್ಮೆ ತಿರುವಿ ನೋಡಿದ. ಆಮೇಲೆ ಎದ್ದು, ಯಾರನ್ನೂ ಕೇಳದೆ, ಮೀಟರನ್ನು ಹೊರಗಿನಿಂದಲೇ ಓದುವ ಹಾಗೆ ಅದರ ತಂತಿಯನ್ನು ಬಾಗಿಲಡಿಯಿಂದ ಹೊರಗೆಳೆದ. ಶನಿವಾರ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಚಾಲು ಮಾಡಿ, ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಮುಖ್ಯಸ್ಥರು ಬಂದು ಒಳಗೆ ಹೋಗುತ್ತೇನೆಂದರೆ ಅವರನ್ನೂ ಬಿಡಲಿಲ್ಲ.

ಹನ್ನೊಂದರವರೆಗೆ ಮುಳ್ಳು ಅಲ್ಲಾಡಲಿಲ್ಲ. ತನ್ನ ಲೆಕ್ಕ ತಪ್ಪಾಗಲಿ ಅಂತ ಅವಳೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು, ನಿಜ ಹೇಳಬೇಕಂದರೆ. ಹನ್ನೊಂದೂವರೆಗೆ ಮುಳ್ಳು ಇಳಿಯತೊಡಗಿತು. ಹನ್ನೆರಡಕ್ಕೆ ಎಂಟು ನಿಮಿಷ ಇದ್ದಾಗ ಸೊನ್ನೆಗೆ ಮಲಗಿಬಿಟ್ಟಿತು.

"ಅಂದ್ರೆ ಇಷ್ಟು ದಿನ ಅದಕ್ಕೆ ಗಾಳಿ ಹಾಕ್ತಿದ್ದವನು ನಾನು," ಅಂದ ಮಾವ. ಮುಖ್ಯಸ್ಥರು ಸೋಮವಾರದ ರವಾನೆ ಕಾಗದವನ್ನು ಎರಡಾಗಿ ಹರಿದರು.

ಗೆದ್ದದ್ದಕ್ಕೆ ಅವಳಿಗೆ ಖುಷಿಯೇ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದಳು. ಈ ತಿಂಗಳು ಡಬ್ಬಿ ಬರಲ್ಲ ಅಂತ ಅಪ್ಪನಿಗೆ ಹೇಳಿದಳು. ಯಾಕೆ ಅನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

"ಮತ್ತೆ ಎಷ್ಟು ದಿನ ಬೇಕು?" ಅಂತ ಅಪ್ಪ ಕೇಳಿದ.

"ಮೂರು ತಿಂಗಳಾದ್ರೂ ಬೇಕಪ್ಪ. ತೂತು, ಗೂಡು, ಎಲ್ಲಾ ಬದಲಾಯಿಸ್ಬೇಕು."

ಅಪ್ಪ ಎರಡು ಸಲ ಉಸಿರೆಳೆದುಕೊಂಡ. "ಆಯ್ತು. ಸರಿ ಮಾಡ್ಕೊಂಡೇ ತಾ ಮಗಳೇ. ಅಲ್ಲೀತನಕ ನಾನಿರ್ತೀನಿ."

ಅವಳು ಕಣ್ಣೊರೆಸಿಕೊಂಡು ಮೇಲೆದ್ದಳು, ಮೆಟ್ಟಿಲು ಹತ್ತಿ ತನ್ನ ಮೇಜಿಗೆ ಹೋದಳು.